ಅಜ್ಜಿ ಆರಿಸಿದ ಟಿವಿ

ನಮ್ಮ ಮನೆಯ ಹಳೇ ಟಿವಿ ಕೆಟ್ಟಿದ್ದು ಒಂದು ಮಂಗಳವಾರದ ಸಂಜೆ, ಏಳೂಕಾಲರ ಹೊತ್ತಿಗೆ. ಧಾರಾವಾಹಿಯ ಸೊಸೆ ಅತ್ತೆಯ ಕೋಣೆಯ ಬಾಗಿಲನ್ನು ಆಗಷ್ಟೇ ತಳ್ಳಿದ್ದಳು. ಅಷ್ಟರಲ್ಲಿ ಚಿತ್ರ ಮೇಲಿನಿಂದಲೂ ಕೆಳಗಿನಿಂದಲೂ ಕುಗ್ಗುತ್ತ ಬಂದು ನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಆ ಗೆರೆಯೂ ಹೋಯಿತು. ಮಾತು ಮಾತ್ರ ಕೇಳುತ್ತಿತ್ತು.

"ಕರೆಂಟು ಹೋಯ್ತಾ ಮಗ?" ಎಂದರು ಅಜ್ಜಿ.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಟ್ಯೂಬ್‌ಲೈಟು ಉರಿಯುತ್ತಿತ್ತು.

"ಇಲ್ಲ ಅಜ್ಜಿ. ಟಿವಿನೇ ಹೋಯ್ತು ಅನ್ಸುತ್ತೆ."

"ಇನ್ನೊಂದು ಗಳಿಗೆ ಇರಬಾರ್ದಿತ್ತಾ? ಒಳಗೆ ಯಾರವ್ರೆ ಅಂತ ನೋಡ್ಕೊಬೋದಿತ್ತು."

ಆ ದಿನದ ಕಂತು ಮುಗಿಯುವ ತನಕ ಇಬ್ಬರೂ ಕಪ್ಪು ಗಾಜನ್ನು ನೋಡುತ್ತ, ಮಾತನ್ನಷ್ಟೇ ಕೇಳಿಸಿಕೊಂಡು ಕೂತೆವು. ಒಳಗೆ ಯಾರಿದ್ದರೆಂದು ಕೊನೆಗೂ ಗೊತ್ತಾಗಲಿಲ್ಲ.

ಅಜ್ಜಿ ಎಂದರೆ ನನ್ನ ಸ್ವಂತ ಅಜ್ಜಿಯಲ್ಲ, ಮನೆ ಓನರ್ ಅವರ ತಾಯಿ. ಸುದ್ದಗುಂಟೆಪಾಳ್ಯದ ಈ ಮನೆಯ ಮೊದಲ ಮಹಡಿಗೆ ನಾನು ಬಾಡಿಗೆಗೆ ಬಂದು ಹನ್ನೊಂದು ವರ್ಷವಾಗಿದೆ. ಬಂದಾಗ ಅಮ್ಮ ಜೊತೆಗಿದ್ದಳು. ಅವಳು ತೀರಿಕೊಂಡ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ನಾನು. ಕೆಲಸ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ, ಟೆಲಿಫೋನ್ ಆಪರೇಟರ್. ಬೆಳಗಿನಿಂದ ಸಂಜೆಯವರೆಗೆ ನೂರಾರು ಜನರ ಜೊತೆ ಮಾತಾಡುತ್ತೇನೆ. "ಲೈನಲ್ಲಿರಿ, ಕನೆಕ್ಟ್ ಮಾಡ್ತೀನಿ" ಎನ್ನುವುದರಲ್ಲೇ ಎಲ್ಲ ಮಾತೂ ಮುಗಿಯುತ್ತದೆ. ಮನೆಗೆ ಬಂದು ಬೀಗ ತೆಗೆದರೆ ಮಾರನೆಯ ಬೆಳಗಿನವರೆಗೆ ಬಾಯಿ ತೆರೆಯುವ ಕೆಲಸವಿರುತ್ತಿರಲಿಲ್ಲ. ವಯಸ್ಸು ಐವತ್ತೆರಡು. ಮದುವೆಯಾಗಿಲ್ಲ.

ಅಮ್ಮ ಹೋದ ಮರುವರ್ಷದ ಬೇಸಿಗೆಯಲ್ಲಿ ಅಜ್ಜಿ ಟೆರೇಸಿನ ಮೇಲೆ ಸಂಡಿಗೆ ಒಣಗಹಾಕಿದ್ದರು. ಸಂಜೆ ಅದನ್ನು ಮೊರಕ್ಕೆ ತುಂಬಿಕೊಂಡು ಇಳಿಯುವಾಗ ನನ್ನ ಬಾಗಿಲ ಮುಂದೆ ನಿಂತು ದಣಿವಾರಿಸಿಕೊಂಡರು. ಒಳಗೆ ಟಿವಿ ನಡೆಯುತ್ತಿತ್ತು. "ಯಾವ್ದು ಅದು?" ಎಂದು ಕೇಳಿದರು. ಹೇಳಿದೆ. "ನಮ್ಮನೇಲೂ ದೊಡ್ಡ ಟಿವಿ ಐತೆ. ಹುಡುಗ್ರು ಕ್ರಿಕೆಟ್ ಬಿಟ್ರೆ ಬೇರೆ ಹಾಕಕ್ಕಿಲ್ಲ" ಎಂದು ಹೊಸಿಲ ಮೇಲೇ ಕೂತರು. ಒಳಗೆ ಬನ್ನಿ ಎಂದೆ. ಮಾರನೆಯ ದಿನ ಸಂಡಿಗೆ ಇಲ್ಲದೆಯೂ ಹತ್ತಿ ಬಂದರು. ಅಲ್ಲಿಂದ ಐದು ವರ್ಷ, ಹಬ್ಬಹರಿದಿನ ಬಿಟ್ಟು, ಏಳು ಗಂಟೆಗೆ ಸರಿಯಾಗಿ ಮೆಟ್ಟಿಲ ಕಂಬಿಯ ಮೇಲೆ ಅವರ ಬಳೆ ಸದ್ದಾಗುತ್ತಿತ್ತು.

ಅವರು ಎಂಬತ್ತರ ಹತ್ತಿರದವರು. ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ದಿವಾನಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತು ಟಿವಿಯವರ ಜೊತೆ ನೇರವಾಗಿ ಮಾತಾಡುತ್ತಿದ್ದರು. "ಅವ್ನ ಮಾತು ನಂಬ್ಬೇಡ ಕಣೆ" ಎಂದು ನಾಯಕಿಗೆ ಬುದ್ಧಿ ಹೇಳುತ್ತಿದ್ದರು. ತಮ್ಮ ಮನೆಯ ವಿಷಯವನ್ನು ಮಾತ್ರ ಎಂದೂ ಎತ್ತಿದವರಲ್ಲ. ಎಂಟೂವರೆಗೆ ಎದ್ದು, "ಬತ್ತೀನಿ, ಬಾಗ್ಲು ಹಾಕ್ಕೊ" ಎಂದು ಇಳಿದು ಹೋಗುತ್ತಿದ್ದರು.

ಕೆಟ್ಟ ಟಿವಿಯನ್ನು ನೋಡಲು ಮಾರನೆಯ ದಿನ ರಿಪೇರಿಯವರನ್ನು ಕರೆಸಿದೆ. ಅವರು ಹಿಂದಿನ ಮುಚ್ಚಳ ಬಿಚ್ಚಿ, ಒಳಗಿದ್ದ ಧೂಳನ್ನು ಊದಿ, ಟಾರ್ಚು ಹಿಡಿದು ನೋಡಿದರು.

"ಮೇಡಂ, ಡಬ್ಬ ಟಿವಿ ಪಾರ್ಟು ಈಗ ಎಲ್ಲೂ ಸಿಗಲ್ಲ. ಹೊಸದು ತಗೊಂಡ್ಬಿಡಿ. ಇದನ್ನ ಗುಜರಿಯವ್ರೂ ಮುಖ ಸಿಂಡರಿಸ್ಕೊಂಡು ತಗೊಳ್ತಾರೆ."

ಅವರು ಮುಚ್ಚಳ ಹಾಕಿ ಹೋದ ಮೇಲೆ ಟಿವಿಯಿಂದ ಮಾತು ಬರುವುದೂ ನಿಂತುಹೋಯಿತು.

ಆ ಸಂಜೆ ಅಜ್ಜಿ ಬರಲಾರರು ಎಂದುಕೊಂಡಿದ್ದೆ. ಏಳು ಗಂಟೆಗೆ ಬಳೆಯ ಸದ್ದಾಯಿತು.

"ರಿಪೇರಿ ಆಗ್ಲಿಲ್ಲ ಅಜ್ಜಿ" ಎಂದೆ, ನನ್ನದೇ ತಪ್ಪು ಎಂಬಂತೆ.

"ಆಗ್ದಿದ್ರೆ ಓಗ್ಲಿ. ಕೂತ್ಕೊಳ್ಳಕ್ಕೆ ನೆಲ ಐತಲ್ಲ" ಎಂದು ಎಂದಿನ ಜಾಗದಲ್ಲಿ ಕೂತರು.

ಅಂದಿನಿಂದ ಹದಿಮೂರು ದಿನ ನಾವು ಹಾಗೆ ಕೂತೆವು. ಮೊದಲೆರಡು ದಿನ ಏನು ಮಾತಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಐದು ವರ್ಷ ಒಟ್ಟಿಗೆ ಕೂತಿದ್ದರೂ ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಮೂರನೆಯ ದಿನ ಕಾಫಿ ಕುಡಿಯುತ್ತ ಅವರು ಕಿಟಕಿಯತ್ತ ಕೈ ಮಾಡಿದರು. ಎದುರಿಗೆ ನಾಲ್ಕಂತಸ್ತಿನ ಪಿಜಿ, ಅದರ ಬಾಲ್ಕನಿಗಳ ತುಂಬ ಟವೆಲ್ಲುಗಳು.

"ಅಲ್ಲೇ ಕಣವ್ವ ನಮ್ಮ ಕನಕಾಂಬರದ ಹೊಲ ಇದ್ದಿದ್ದು. ನಾನು ಮದ್ವೆ ಆಗಿ ಬಂದಾಗ ಕೈಗೆ ಕೊಟ್ಟಿದ್ದೇ ಹೂ ಬಿಡಿಸೋ ಪುಟ್ಟಿ."

ಬೆಳಕು ಹರಿಯುವ ಮುಂಚೆ ಹೂ ಬಿಡಿಸಿ ಗಾಡಿಯಲ್ಲಿ ಪೇಟೆಗೆ ಕಳಿಸುತ್ತಿದ್ದುದನ್ನು ಹೇಳಿದರು. ಹೊಲ ಲೇಔಟಾದ ಮೇಲೆ ಅವರ ಯಜಮಾನರು ಬೆಳಗಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಜಗಲಿಯ ಮೇಲೆ ಕೂತಿರುತ್ತಿದ್ದರಂತೆ. ಇನ್ನೊಂದು ದಿನ, ನಾಲ್ಕು ವರ್ಷಕ್ಕೆ ಜ್ವರ ಬಂದು ತೀರಿಕೊಂಡ ಮಗಳ ವಿಷಯ ಬಂತು. ಅವಳ ಹೆಸರು ಹೇಳಿದರು.  ಆಮೇಲೆ, "ಈ ಎಸ್ರು ಬಾಯಲ್ಲಿ ಬಂದು ಐವತ್ತು ವರ್ಷದ ಮೇಲಾಯ್ತು. ಯಾರೂ ಕೇಳಕ್ಕಿಲ್ಲ, ನಾನೂ ಯೋಳಕ್ಕಿಲ್ಲ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಆ ದಿನ ನಾನೂ ಒಂದು ವಿಷಯ ಹೇಳಿದೆ. ನನಗೆ ಇಪ್ಪತ್ತೆಂಟಾಗಿದ್ದಾಗ ಒಬ್ಬರು ನೋಡಲು ಬಂದಿದ್ದರು. ಬನಶಂಕರಿಯವರು, ಲೆಕ್ಚರರ್. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಅಮ್ಮನನ್ನು ಒಬ್ಬಳೇ ಬಿಡಲಾರೆ, ಒಂದು ವರ್ಷ ಕೊಡಿ ಎಂದಿದ್ದೆ. ಅವರು ಎರಡು ವರ್ಷ ಕಾದರು. ಆಮೇಲೆ ಒಂದು ದಿನ ಅವರೇ ಬಂದು ತಮ್ಮ ಮದುವೆಯ ಲಗ್ನಪತ್ರಿಕೆ ಕೊಟ್ಟು ಹೋದರು. ಅಮ್ಮ ಅಡುಗೆಮನೆಯಲ್ಲಿದ್ದಳು. ನಾನು ಪತ್ರಿಕೆಯನ್ನು ಅವಳಿಗೆ ತೋರಿಸಲಿಲ್ಲ.

"ನಿಮ್ಮಮ್ಮಂಗೆ ಗೊತ್ತಾಗ್ಲೇ ಇಲ್ವಾ?" ಎಂದು ಅಜ್ಜಿ ಕೇಳಿದರು.

"ಇಲ್ಲ."

"ಗೊತ್ತಿರ್ತದೆ ಬುಡು. ಎತ್ತೋಳಿಗೆ ಗೊತ್ತಾಗ್ದೆ ಇರ್ತದಾ?"

 ಎದ್ದು ಲೋಟ ತೊಳೆಯಲು ಹೋದೆ.

ನನ್ನ ಬದುಕಿನ ಒಳ್ಳೆಯ ದಿನಗಳೆಂದು ಈಗ ಲೆಕ್ಕ ಹಾಕಿದರೆ ಆ ಹದಿಮೂರು ಸಂಜೆಗಳು ಖಂಡಿತ ಅದರಲ್ಲಿ ಸೇರುತ್ತವೆ. ಆಗ ಅದು ಹೊಳೆಯಲೇ ಇಲ್ಲ. ಪಾಪ, ಧಾರಾವಾಹಿಯಿಲ್ಲದೆ ಅಜ್ಜಿಗೆ ಬೇಜಾರಾಗುತ್ತಿದೆ, ಬೇಗ ಟಿವಿ ತರಬೇಕು ಎಂಬ ಅವಸರ ನನಗೆ. ಭಾನುವಾರ ಜಯನಗರಕ್ಕೆ ಹೋಗೋಣ, ನೀವೂ ಬನ್ನಿ, ನೀವೇ ಆರಿಸಿ ಎಂದೆ.

ಅಜ್ಜಿ ಕೆಂಪಂಚಿನ ಸೀರೆಯುಟ್ಟು, ಮುಡಿಗೆ ಹೂ ಮುಡಿದು ಒಂಬತ್ತು ಗಂಟೆಗೇ ಗೇಟಿನ ಬಳಿ ನಿಂತಿದ್ದರು. ಆಟೋದಲ್ಲಿ ದಾರಿಯುದ್ದಕ್ಕೂ ಕಂಬಿ ಹಿಡಿದು ಹೊರಗೇ ನೋಡುತ್ತಿದ್ದರು. ನಾಲ್ಕನೇ ಬ್ಲಾಕಿನಲ್ಲಿ ಇಳಿದಾಗ, "ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು ಅಂದ್ರೆ, ಸೊಸೆ ಸೀಮಂತಕ್ಕೆ ಸೀರೆ ತಗೊಳ್ಳಕ್ಕೆ ಬಂದಿದ್ದು" ಎಂದರು. ಆಗ ಹೊಟ್ಟೆಯಲ್ಲಿದ್ದ ಮೊಮ್ಮಗ ಈಗ ಕಾಲೇಜು ಮುಗಿಸುತ್ತಿದ್ದಾನೆ.

ಅಂಗಡಿಯ ಒಂದು ಗೋಡೆಯ ತುಂಬ ಟಿವಿಗಳಿದ್ದವು. ಎಲ್ಲದರಲ್ಲೂ ಒಂದೇ ಚಿತ್ರ. ಕಿತ್ತಳೆಹಣ್ಣನ್ನು ಯಾರೋ ನಿಧಾನವಾಗಿ ಕೊಯ್ಯುತ್ತಿದ್ದರು, ರಸದ ಹನಿಗಳು ಗಾಳಿಯಲ್ಲಿ ತೇಲುತ್ತಿದ್ದವು. ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು.

"ಇಷ್ಟೊಂದು ಟಿವಿ ಇಟ್ಕೊಂಡು ಒಂದರಲ್ಲಾದ್ರೂ ಬೇರೆ ಹಾಕ್ಬಾರ್ದಾ ಇವ್ರು?"

ಕನ್ನಡಕ ಹಾಕಿದ, ನನ್ನ ವಯಸ್ಸಿನವರೇ ಆದ ಸೇಲ್ಸಿನವರು ನಗುತ್ತ ಬಂದರು.

"ಎಷ್ಟು ಇಂಚು ನೋಡ್ತಿದ್ದೀರ ಮೇಡಂ? ಹಾಲ್ ಎಷ್ಟು ದೊಡ್ಡದಿದೆ? ಮನೇಲಿ ಎಷ್ಟು ಜನ ನೋಡ್ತೀರ?"

ಕೊನೆಯ ಪ್ರಶ್ನೆಗೆ ನಾನು ತಡವರಿಸಿದೆ. ಫಾರಂಗಳಲ್ಲಿ, ಗ್ಯಾಸಿನವರಿಗೆ, ಜನಗಣತಿಯವರಿಗೆ ಒಬ್ಬಳೇ ಎಂದು ಹೇಳಿ ಅಭ್ಯಾಸವಿದೆ. ಆದರೂ ಆ ಬೆಳಕಿನಲ್ಲಿ, ಹೆಂಡತಿ ಮಕ್ಕಳೊಂದಿಗೆ ಬಂದವರ ನಡುವೆ ಬಾಯಿ ಬರಲಿಲ್ಲ.

"ಇಬ್ರು" ಎಂದರು ಅಜ್ಜಿ.

"ನಿಮ್ಮ ತಾಯಿನಾ ಮೇಡಂ?"

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೂವತ್ತೆರಡು ಇಂಚಿನದು ಯಾವುದಿದೆ ತೋರಿಸಿ ಎಂದೆ.

ಅಜ್ಜಿ ಒಂದೊಂದು ಟಿವಿಯನ್ನೂ ಹತ್ತಿರ ಹೋಗಿ, ಪಕ್ಕಕ್ಕೆ ನಿಂತು, ಹಿಂದೆ ಬಗ್ಗಿ ನೋಡಿದರು. ಅಂಚನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ಅಳೆದರು. "ಒಬ್ಬಟ್ಟಿನಷ್ಟೂ ಇಲ್ವಲ್ಲ! ಇದ್ರ ಮೇಲೆ ನಿಮ್ಮಮ್ಮನ ಫೋಟೋ ಎಲ್ಲಿ ಇಡ್ತೀಯ?" ಎಂದು ಕೇಳಿದರು. ಅಮ್ಮನ ಫೋಟೋ ಹಳೇ ಟಿವಿಯ ಮೇಲೆ, ಅವಳೇ ಹೆಣೆದ ಕ್ರೋಶಾ ಬಟ್ಟೆಯ ಮೇಲೆ ಇತ್ತು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಸೇಲ್ಸಿನವರು ಫೋರ್‌ಕೆ ಎಂದರು, ಸ್ಮಾರ್ಟ್ ಎಂದರು, ರಿಮೋಟಿನ ಬಳಿ ಮಾತಾಡಿದರೆ ಸಾಕು, ಅದೇ ಹುಡುಕಿ ಕೊಡುತ್ತದೆ ಎಂದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಸ್ವಾಮಿ. ನಮ್ಮ ಧಾರಾವಾಹಿ ಹಾಕಿ ತೋರ್ಸಿ" ಎಂದರು. ಅವರು ತಾಳ್ಮೆಯ ಮನುಷ್ಯ. ಹೆಸರು ಕೇಳಿಕೊಂಡು ಒಂದು ಟಿವಿಯಲ್ಲಿ ಹುಡುಕಿ ಹಾಕಿದರು. ಅದು ನಲವತ್ಮೂರು ಇಂಚಿನದು. ಕಿತ್ತಳೆಹಣ್ಣುಗಳ ಗೋಡೆಯ ನಡುವೆ ನಮ್ಮ ಧಾರಾವಾಹಿಯ ಸೊಸೆಯ ಮುಖ ಬಂತು.

ಅಜ್ಜಿ ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ನಿಂತೇ ಇದ್ದರು.

"ಏನಜ್ಜಿ?"

"ಇವ್ಳ ಕಣ್ಣಲ್ಲಿ ನೀರು ಬರೋದು ಕಾಣ್ತದೆ ಮಗ. ಇಷ್ಟು ದಿನ ದನಿ ಕೇಳಿ ಅಳ್ತಾವ್ಳೆ ಅನ್ಕೋತಿದ್ದೆ."

ಐದು ವರ್ಷ ಅವರಿಗೆ ಮುಖಗಳೇ ಸರಿಯಾಗಿ ಕಾಣುತ್ತಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಒಂದು ದಿನವೂ ಹೇಳಿರಲಿಲ್ಲ. ಮೂವತ್ತೆರಡರ ಮಾತು ಬಿಟ್ಟು ಅದನ್ನೇ ಕೊಡಿ ಎಂದೆ. ಹೊರಗೆ ಬಂದು ದರ್ಶಿನಿಯೊಂದರಲ್ಲಿ ಇಡ್ಲಿ ತಿಂದೆವು. ನಿಂತು ತಿನ್ನಲು ಮಂಡಿ ಕೊಡದೆ ಅಜ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ತಮ್ಮ ಚಟ್ನಿಯನ್ನೂ ನನಗೇ ಹಾಕಿದರು.

ಟಿವಿ ಮಂಗಳವಾರ ಸಂಜೆ ಬಂತು. ಗೋಡೆಗೆ ಡ್ರಿಲ್ ಹೊಡೆಯಬೇಕಿತ್ತಾದ್ದರಿಂದ ಓನರನ್ನು ಕೇಳಿದ್ದೆ, ಅವರೇ ನೋಡಲು ಮೇಲೆ ಬಂದರು. ಐವತ್ತೈದರ ಆಸುಪಾಸಿನವರು, ಬಿಟಿಎಂನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ದನಿ ಎತ್ತರಿಸಿ ಮಾತಾಡಿದವರಲ್ಲ. ಅವರ ತಾಯಿ ಆಗಲೇ ನೆಲದ ಮೇಲೆ ತಮ್ಮ ಜಾಗದಲ್ಲಿದ್ದರು.

ಟಿವಿ ಕೂರಿಸಲು ಬಂದವರು ಅಳತೆ ಹಿಡಿಯುತ್ತ, "ಎಷ್ಟು ಎತ್ತರಕ್ಕೆ ಬೇಕು?" ಎಂದರು.

"ನೆಲದ ಮೇಲೆ ಕೂತ್ರೆ ಕಾಣೋ ಅಷ್ಟು. ಅಜ್ಜಿನ ಕೇಳಿ, ಅವರೇ ಆರಿಸಿರೋದು" ಎಂದೆ ನಾನು. ಖುಷಿಯಲ್ಲಿದ್ದೆ, ಯೋಚಿಸದೆ ಆಡಿದೆ.

ಓನರ್ ತಾಯಿಯ ಕಡೆ ತಿರುಗಿದರು. "ನೀನು ಹೋಗಿದ್ಯಾ ಅಂಗಡಿಗೆ?"

"ಊಂ. ಜಯನಗರಕ್ಕೆ ಓಗಿದ್ವಿ. ಇಡ್ಲಿ ತಿಂದ್ವಿ."

"ನಂಗೆ ಹೇಳಿದ್ರೆ ಕಾರಲ್ಲಿ ಕರ್ಕೊಂಡು ಹೋಗ್ತಿರ್ಲಿಲ್ವಾ ಅವ್ವ?"

 ಡ್ರಿಲ್ ಹೊಡೆದು ಮುಗಿಯುವವರೆಗೆ ಓನರ್ ಅಲ್ಲೇ ನಿಂತಿದ್ದರು. ಟಿವಿಯನ್ನು ನೋಡಲಿಲ್ಲ, ದಿವಾನಿನ ಪಕ್ಕ ತಾಯಿ ಒರಗಿ ಒರಗಿ ಗೋಡೆಗೆ ಅಂಟಿದ್ದ ಎಣ್ಣೆಯ ಕಲೆಯನ್ನು ನೋಡುತ್ತಿದ್ದರು.

ಹೊಸ ಟಿವಿಯಲ್ಲಿ ನಾವು ಒಟ್ಟಿಗೆ ಧಾರಾವಾಹಿ ನೋಡಿದ್ದು ನಾಲ್ಕು ದಿನ. ಐದನೆಯ ದಿನ, ಶನಿವಾರ, ಕೆಳಗೆ ಒಂದು ದೊಡ್ಡ ಪೆಟ್ಟಿಗೆ ಇಳಿಯಿತು. ಓನರ್ ತಾಯಿಗೆಂದೇ ಐವತ್ತು ಇಂಚಿನದನ್ನು ತಂದು ಅವರ ಕೋಣೆಯ ಗೋಡೆಗೆ ಹಾಕಿಸಿದ್ದರು. ಭಾನುವಾರ ಬೆಳಗ್ಗೆ ನಾನು ಹಾಲು ತರಲು ಇಳಿದಾಗ ಗೇಟಿನ ಬಳಿ ಸಿಕ್ಕಿದರು.

"ಅವ್ವಂಗೆ ಮೆಟ್ಲು ಹತ್ತಕ್ಕಾಗಲ್ಲ ಮೇಡಂ, ಮಂಡಿ ಸವೆದೋಗಿದೆ ಅಂದಿದಾರೆ ಡಾಕ್ಟ್ರು. ಎಲ್ಲಾದ್ರೂ ಜಾರಿದ್ರೆ ಕಷ್ಟ. ಅದಕ್ಕೇ ರೂಮಲ್ಲೇ ಹಾಕ್ಸಿದೀನಿ. ಇಷ್ಟು ವರ್ಷ ನಿಮ್ಗೂ ತೊಂದ್ರೆ ಆಯ್ತು."

"ತೊಂದ್ರೆ ಏನಿಲ್ಲ ಸಾರ್" ಎಂದೆ.

ಅಷ್ಟೇ ಅಂದದ್ದು. ಅಜ್ಜಿ ಬರದಿದ್ದರೆ ನನಗೆ ತೊಂದರೆ ಎಂದು ಹೇಳಬಹುದಿತ್ತು. ಬಾಡಿಗೆಗಿರುವವಳು ಓನರ್ ಮುಂದೆ ಹಾಗೆ ಹೇಳುವುದು ಹೇಗೆ? ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಮಗನಾದವನು ಮಾಡಬೇಕಾದ್ದನ್ನೇ ಮಾಡಿದ್ದರು.

ಏಳು ಗಂಟೆಗೆ ನಾನು ಟಿವಿ ಹಾಕಿಕೊಂಡು ಒಬ್ಬಳೇ ಕೂರತೊಡಗಿದೆ. ಕೆಳಗಿನ ಟಿವಿಯ ಮಾತು ಕಿಟಕಿಯಿಂದ ಮೇಲೆ ಬರುತ್ತಿತ್ತು. ಅವರದು ಡಿಶ್, ನನ್ನದು ಕೇಬಲ್. ಅವರ ಮಾತು ನನ್ನದಕ್ಕಿಂತ ಎರಡು ಕ್ಷಣ ಮುಂದೆ. ಸೊಸೆ ನನ್ನ ಪರದೆಯಲ್ಲಿ ಬಾಯಿ ತೆರೆಯುವ ಮುಂಚೆಯೇ ಅವಳು ಏನು ಹೇಳುತ್ತಾಳೆಂದು ಕೇಳಿಬಿಡುತ್ತಿತ್ತು. ಅಜ್ಜಿ ಬುದ್ಧಿ ಹೇಳುವ ದನಿಗಾಗಿ ಕಿವಿಗೊಡುತ್ತಿದ್ದೆ. ಅದು ಬರುತ್ತಿರಲಿಲ್ಲ. ಹತ್ತು ಹದಿನೈದು ದಿನಕ್ಕೆ ನನಗೆ ಆ ಧಾರಾವಾಹಿ ಮೊದಲಿಂದಲೂ ಇಷ್ಟವಿರಲಿಲ್ಲ ಎಂಬುದು ತಿಳಿಯಿತು. ಕಿಟಕಿ ಮುಚ್ಚಿ, ಟಿವಿ ಆರಿಸಿ, ಬೇಗ ಊಟ ಮಾಡಿ ಮಲಗತೊಡಗಿದೆ.

ಒಂದು ಸಂಜೆ ತಡೆಯಲಾಗದೆ ಹೆಸರುಬೇಳೆ ಕೋಸಂಬರಿ ಮಾಡಿ ಡಬ್ಬಿಗೆ ಹಾಕಿಕೊಂಡು ಕೆಳಗಿಳಿದೆ. ಅಜ್ಜಿಯ ಸೊಸೆ ಬಾಗಿಲು ತೆರೆದು, "ಬನ್ನಿ ಮೇಡಂ, ಅತ್ತೆ ಟಿವಿ ನೋಡ್ತಾ ಇದಾರೆ" ಎಂದು ಒಳಗೆ ಕರೆದುಕೊಂಡು ಹೋದರು. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಟಿವಿಯಲ್ಲಿ ಯಾರೋ ಇಬ್ಬರು ಹಿಂದಿಯಲ್ಲಿ ಷೇರು ಮಾರುಕಟ್ಟೆಯ ಬಗ್ಗೆ ಜಗಳವಾಡುತ್ತಿದ್ದರು.

"ಧಾರಾವಾಹಿ ನೋಡ್ತಿಲ್ವಾ ಅಜ್ಜಿ?"

"ಎಲ್ಲೋ ಒತ್ತಿಬುಟ್ಟೆ ಮಗ, ಇದು ಬಂತು. ಮತ್ತೆ ಒತ್ತಿದ್ರೆ ಇನ್ನೇನಾದ್ರೂ ಬತ್ತದೇನೋ ಅಂತ ಅಂಗೇ ಬುಟ್ಟಿವ್ನಿ."

ನಾನು ಹುಡುಕಿ ಹಾಕಿಕೊಟ್ಟೆ. ಸೊಸೆ ಕಾಫಿ ತಂದುಕೊಟ್ಟು, ಹೋಗದೆ ಬಾಗಿಲಲ್ಲೇ ನಿಂತು ಮಾತಾಡಿಸಿದರು. ನನಗೆ ಕುರ್ಚಿ ಹಾಕಿದ್ದರು. ಹೆಂಗಿದೆ ಕೆಲಸ, ನೀರು ಸರಿಯಾಗಿ ಬರ್ತಿದೆಯಾ ಎಂಬ ಮಾತುಗಳು ನಡೆದವು. ಮೇಲೆ ನನ್ನ ಮನೆಯಲ್ಲಿ ಕೂತು ಸತ್ತ ಮಗಳ ಹೆಸರು ಹೇಳಿದ್ದ ಅಜ್ಜಿ, ತಮ್ಮ ಕೋಣೆಯಲ್ಲಿ ನನಗೆ, ನೆಂಟರಿಗೆ ಹೇಳುವ ಹಾಗೆ, "ಕಾಫಿ ಕುಡಿ, ಆರೋಯ್ತದೆ" ಎಂದಷ್ಟೇ ಹೇಳಿದರು. ಅರ್ಧ ಗಂಟೆಗೆ ಎದ್ದು ಬಂದೆ. ಡಬ್ಬಿಯನ್ನು ಮಾರನೆಯ ದಿನ ತೊಳೆದು, ಅದರಲ್ಲಿ ಬೆಲ್ಲದಚ್ಚು ಹಾಕಿ ಕಳಿಸಿದರು.

ಆ ಮಳೆಗಾಲದಲ್ಲಿ ಅಜ್ಜಿ ಬಿದ್ದರು. ಮೆಟ್ಟಿಲಲ್ಲಲ್ಲ, ಬಚ್ಚಲಲ್ಲಿ. ಸೊಂಟದ ಮೂಳೆಗೆ ಆಪರೇಷನ್ ಆಯಿತು. ಓನರ್, ಸೊಸೆ ಇಬ್ಬರೂ ಹಗಲೆಲ್ಲ ಅಂಗಡಿಯಲ್ಲಿರುತ್ತಾರಾದ್ದರಿಂದ ನೋಡಿಕೊಳ್ಳಲೆಂದು ಬೇಗೂರಿನಲ್ಲಿದ್ದ ಅಜ್ಜಿಯ ಇನ್ನೊಬ್ಬ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ಕೆಲಸದಿಂದ ಬರುವಷ್ಟರಲ್ಲಿ ಹೊರಟುಹೋಗಿದ್ದರು. ಐವತ್ತು ಇಂಚಿನ ಟಿವಿ ಕೋಣೆಯಲ್ಲೇ ಉಳಿಯಿತು.

ಹೋಗಿ ನೋಡಬೇಕು ಎಂದುಕೊಳ್ಳುವುದರಲ್ಲೇ ಎರಡು ತಿಂಗಳು ಕಳೆದವು. ನಾನು ಯಾರೆಂದು ಹೋಗುವುದು ಎಂಬ ಅಳುಕು. ಕೊನೆಗೆ ಒಂದು ಭಾನುವಾರ ಸೊಸೆಯಿಂದ ವಿಳಾಸ ಕೇಳಿಕೊಂಡು, ಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಬೇಗೂರಿಗೆ ಹೋದೆ. ನಾಗೇಶ್ವರನ ದೇವಸ್ಥಾನದ ಹಿಂದಿನ ಬೀದಿ. ಅಜ್ಜಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಕೈ ಹಿಡಿದು ಬಿಡಲಿಲ್ಲ.

ಮಗಳು ನೀರು ಕೊಟ್ಟು ಒಳಗೆ ಹೋದಳು. ಅಜ್ಜಿ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು.

"ಅವ್ಳ ಕತೆ ಏನಾಯ್ತು ಮಗ? ಇಲ್ಲಿ ಯಾರೂ ಅದನ್ನ ಹಾಕಕ್ಕಿಲ್ಲ."

ನಾನು ಆ ಧಾರಾವಾಹಿಯನ್ನು ನೋಡಿ ನಾಲ್ಕು ತಿಂಗಳಾಗಿತ್ತು. ನೋಡುತ್ತಿಲ್ಲ ಎನ್ನಲು ಬಾಯಿ ತೆರೆದವಳು, ಅವರ ಮುಖ ನೋಡಿ ಹೇಳಲು ಶುರುಮಾಡಿದೆ. ಸೊಸೆ ಮನೆ ಬಿಟ್ಟಳು ಎಂದೆ. ಎಲ್ಲಿಗೆ ಹೋದಳು ಎಂದು ಕೇಳಿದರು. ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು, ಬಾಡಿಗೆ ಮನೆ ಮಾಡಿಕೊಂಡಳು ಎಂದೆ. ಗಂಡ ಹುಡುಕಿಕೊಂಡು ಬಂದ, ಅವಳು ಬಾಗಿಲು ತೆಗೆಯಲಿಲ್ಲ. ಅತ್ತೆ ಬಂದಳು, ಅತ್ತೆಗೆ ತೆಗೆದಳು.

"ಅತ್ತೆಗೆ ತೆಗ್ದಳಾ? ಅಷ್ಟೆಲ್ಲ ಮಾಡಿದೋಳ್ಗೆ?"

"ತೆಗೆದಳು ಅಜ್ಜಿ. ಅತ್ತೆಗೂ ವಯಸ್ಸಾಗಿತ್ತು. ಮೆಟ್ಟಿಲು ಹತ್ತಿ ಬಂದಿದ್ದಳು."

ಅಜ್ಜಿ ಸ್ಟೂಲಿನ ಮೇಲಿದ್ದ ಕಾಲನ್ನು ಸರಿಸಿಕೊಂಡರು. "ಒಳ್ಳೇದೇ ಮಾಡಿದ್ಲು. ಊಟಕ್ಕೆ ಇಕ್ಕಿದ್ಲಾ?"

"ಇಕ್ಕಿದಳು."

"ಏನ್ ಮಾಡಿದ್ಲು?"

"ಮುದ್ದೆ, ಬಸ್ಸಾರು."

ಅವರು ತಲೆಯಾಡಿಸಿದರು. ನಾನು ಒಂದು ಗಂಟೆಗೂ ಮೀರಿ ಹೇಳಿದೆ. ಅಷ್ಟು ಉದ್ದಕ್ಕೆ ನಿಲ್ಲಿಸದೆ ನಾನು ಯಾರ ಜೊತೆಗೂ ಮಾತಾಡಿದ ನೆನಪಿಲ್ಲ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಕೆರೆಯ ಕಡೆಯಿಂದ ಗಾಳಿ ಬೀಸತೊಡಗಿದಾಗ ಮಗಳು ಬಂದು ಅವರನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ನಾನು ಬಸ್‌ಸ್ಟಾಪಿಗೆ ನಡೆದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಓನರ್ ಗೇಟಿನ ಬಳಿ ಸ್ಕೂಟರ್ ನಿಲ್ಲಿಸುತ್ತಿದ್ದರು. ಹೆಂಡತಿ ಹೇಳಿರಬೇಕು.

"ಹೋಗಿದ್ರಂತೆ. ಹೆಂಗವ್ರೆ ಅವ್ವ?"

"ಚೆನ್ನಾಗಿದಾರೆ ಸಾರ್. ಹೊರಗೆ ಕೂತಿದ್ರು."

"ನಾನೂ ಹೋಗ್ಬೇಕು. ಅಂಗಡಿ ಬಿಟ್ಟು ಹೋಗಕ್ಕೇ ಆಗ್ತಿಲ್ಲ." ಕೀ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತರು. "ನನ್ನ ಕೇಳಿದ್ರಾ?"

"ಕೇಳಿದ್ರು" ಎಂದೆ.

ಅಜ್ಜಿ ಕೇಳಿರಲಿಲ್ಲ. ಓನರ್, "ಹೌದಾ" ಎಂದು ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ನಾನು ಮೇಲೆ ಹತ್ತಿ ಬೀಗ ತೆಗೆದೆ.